ಮಗುವಿನ ಕಿವಿ ನೋಡಿದಿರಿ, ಬೆರಳನ್ನೂ ನೋಡಿ

ಸಂಪಾದಕರಿಗೆ ನಮಸ್ಕಾರ.

ಎಳೆ ಮಕ್ಕಳು ಮಾತು ಕಲಿಯುವುದನ್ನು ಮಂಗಗಳ ಬುದ್ಧಿಗೆ ಹೋಲಿಸಿ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಎರಡು ಸಲ ಓದಿದೆ. ಇಂಥ ವಿಷಯಕ್ಕೆ ಅಷ್ಟು ಜಾಗ ಕೊಟ್ಟಿದ್ದು ಖುಷಿಯಾಯಿತು. ಆದರೆ ಮಗುವಿಗೂ ಮಂಗಕ್ಕೂ ಇದರಲ್ಲಿ ಹೆಚ್ಚು ವ್ಯತ್ಯಾಸವಿಲ್ಲ ಎಂಬ ಕೊನೆಯ ಮಾತು ಒಪ್ಪಿಗೆಯಾಗಲಿಲ್ಲ. ಮನೆಯಲ್ಲಿ 11 ತಿಂಗಳ ಮೊಮ್ಮಗಳಿದ್ದಾಳೆ. ದಿನವಿಡೀ ಅವಳನ್ನು ನೋಡುತ್ತಾ ಸುಮ್ನೆ ಕೂರಲು ಆಗಲಿಲ್ಲ.

ಮಾತಿನ ಸದ್ದನ್ನು ವಿಂಗಡಿಸುವ ಕಿವಿ ಮಗುವಿಗೂ ಇದೆ, ಮಂಗಕ್ಕೂ ಇದೆ ಅಂತ ಲೇಖಕರು ಹೇಳಿದ್ದು ಸರಿ. ನಾವು ಮಾತಾಡುವಾಗ ಪದಗಳ ನಡುವೆ ಜಾಗ ಬಿಡುವುದಿಲ್ಲ. ‘ಬಾಪುಟ್ಟಹಾಲುಕುಡಿ’ ಅಂತ ಒಂದೇ ಉಸಿರಿಗೆ ಹೇಳುತ್ತೇವೆ. ಇದರಲ್ಲಿ ‘ಪುಟ್ಟ’ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಅಂತ ಯಾರೂ ಹೇಳಿಕೊಡುವುದಿಲ್ಲ. ಆದರೆ ‘ಪು’ ಬಂದ ಮೇಲೆ ‘ಟ್ಟ’ ಮತ್ತೆ ಮತ್ತೆ ಬರುತ್ತದೆ. ‘ಟ್ಟ’ ಆದಮೇಲೆ ಬರುವ ಸದ್ದು ಮಾತ್ರ ಒಂದೊಂದು ಸಲ ಒಂದೊಂದು. ಮಗು ಈ ಲೆಕ್ಕ ಹಿಡಿದುಬಿಡುತ್ತದೆ! 1996ರಲ್ಲಿ ಅಮೆರಿಕದ ಜೆನ್ನಿ ಸಫ್ರನ್, ರಿಚರ್ಡ್ ಆಸ್ಲಿನ್ ಮತ್ತು ಎಲಿಸಾ ನ್ಯೂಪೋರ್ಟ್ 8 ತಿಂಗಳ ಮಕ್ಕಳಿಗೆ ಅರ್ಥವಿಲ್ಲದ ಪದಗಳನ್ನು ಯಂತ್ರದ ಏರಿಳಿತವಿಲ್ಲದ ದನಿಯಲ್ಲಿ, ಎಲ್ಲೂ ನಿಲ್ಲಿಸದೆ ಕೇಳಿಸಿದರು. ಕೇಳಿಸಿದ್ದು ಎರಡೇ ನಿಮಿಷ. ಅಷ್ಟರಲ್ಲಿ ಮಕ್ಕಳು ಪದಗಳನ್ನು ಬಿಡಿಸಿಕೊಂಡಿದ್ದರು. 2001ರಲ್ಲಿ ಟ್ಯಾಮರಿನ್ ಎಂಬ ಪುಟ್ಟ ಮಂಗಗಳೂ ಅದೇ ಥರದ ಸದ್ದಿನಲ್ಲಿ ಪದಗಳನ್ನು ಗುರುತಿಸುತ್ತವೆ ಎಂಬ ವರದಿ ಬಂತು. ಅದಕ್ಕೂ ಮೊದಲೇ, 1975ರಲ್ಲಿ, ಚಿಂಚಿಲಾ ಎಂಬ ಇಲಿ ಜಾತಿಯ ಪ್ರಾಣಿ ಇಂಗ್ಲಿಷಿನ ‘ಡ’ ಮತ್ತು ‘ಟ’ ಸದ್ದುಗಳನ್ನು ಹೆಚ್ಚುಕಡಿಮೆ ನಮ್ಮ ಹಾಗೆಯೇ ಬೇರೆ ಮಾಡುತ್ತದೆ ಅಂತ ಗೊತ್ತಾಗಿತ್ತು. ಸದ್ದನ್ನು ವಿಂಗಡಿಸುವ ಈ ಕಿವಿ ಮನುಷ್ಯರಿಗಿಂತ ಎಷ್ಟೋ ಹಳೆಯದು.

ಒಂದು ಸಾಲಿಗೆ ಮಾತ್ರ ದಯವಿಟ್ಟು ತಿದ್ದುಪಡಿ ಹಾಕಿ. ‘ಗ-ತಿ-ತಿ’ ಥರದ, ಅಂದರೆ ಕೊನೆಯ ಎರಡು ಸದ್ದು ಒಂದೇ ಆಗಿರುವ, ಜೋಡಣೆಯ ನಿಯಮವನ್ನು 7 ತಿಂಗಳ ಮಕ್ಕಳು ಹಿಡಿಯುತ್ತಾರೆ ಅಂತ 1999ರಲ್ಲಿ ಗ್ಯಾರಿ ಮಾರ್ಕಸ್ ತಂಡ ತೋರಿಸಿತು. ಮಂಗಗಳಿಗೂ ಅದು ಸಾಧ್ಯ ಅಂತ ಲೇಖನದಲ್ಲಿದೆ. ಹಾಗೆ ಹೇಳಿದ್ದ 2002ರ ಪ್ರಬಂಧವನ್ನು 2010ರಲ್ಲಿ ವಾಪಸ್ ಪಡೆಯಲಾಗಿದೆ. ಅದರಲ್ಲಿನ ಮಾಹಿತಿ ಆ ತೀರ್ಮಾನಕ್ಕೆ ಆಧಾರ ಕೊಡುತ್ತಿರಲಿಲ್ಲ. ಓದಿದವರು ಮಕ್ಕಳಿಗೆ ಪಾಠ ಹೇಳುವಾಗಲೂ ಇದನ್ನೇ ಹೇಳಿಬಿಟ್ಟರೆ ಕಷ್ಟ, ಅಲ್ವಾ?

ಮಂಗಗಳನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ಕೀನ್ಯಾದ ಅಂಬೊಸೆಲಿಯ ವರ್ವೆಟ್ ಮಂಗಗಳ ಬಗ್ಗೆ ಓದಿದಾಗೆಲ್ಲ ನನಗೆ ಬೆರಗು. ಚಿರತೆ ಕಂಡರೆ ಒಂದು ಕೂಗು, ಹದ್ದಿಗೆ ಇನ್ನೊಂದು, ಹಾವಿಗೆ ಮತ್ತೊಂದು. ರಾಬರ್ಟ್ ಸೇಫಾರ್ತ್, ಡೊರೊಥಿ ಚೆನಿ ಮತ್ತು ಪೀಟರ್ ಮಾರ್ಲರ್ ಆ ಕೂಗುಗಳನ್ನು ರೆಕಾರ್ಡ್ ಮಾಡಿ, ಯಾವ ಪ್ರಾಣಿಯೂ ಇಲ್ಲದಾಗ ಕೇಳಿಸಿದರು. ಚಿರತೆಯ ಕೂಗಿಗೆ ಮಂಗಗಳು ಮರಕ್ಕೆ ಓಡಿದವು, ಹದ್ದಿನ ಕೂಗಿಗೆ ತಲೆ ಎತ್ತಿದವು, ಹಾವಿನ ಕೂಗಿಗೆ ಹುಲ್ಲಿನೊಳಗೆ ಬಗ್ಗಿ ನೋಡಿದವು. 1980ರಲ್ಲಿ ಇದು ಪ್ರಕಟವಾಯಿತು. ಮರಿಗಳು ಮೊದಮೊದಲು ಉದುರುವ ಎಲೆಗೂ ಹದ್ದಿನ ಕೂಗು ಹಾಕುತ್ತವಂತೆ. ಬೆಳೆಯುತ್ತಾ ಸರಿಮಾಡಿಕೊಳ್ಳುತ್ತವೆ. ನಾಲ್ಕು ಕಾಲಿನದ್ದನ್ನೆಲ್ಲ ‘ಬೌ ಬೌ’ ಅನ್ನುವ ನಮ್ಮ ಮಕ್ಕಳ ನೆನಪಾಗುವುದಿಲ್ಲವೇ? ಆದರೆ ಆ ಕೂಗು ಹುಟ್ಟಿನಿಂದ ಬಂದದ್ದು, ಮರಿ ಕಲಿಯುವುದು ಅದನ್ನು ಯಾವಾಗ ಹಾಕಬೇಕು ಅನ್ನುವುದನ್ನು ಮಾತ್ರ.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ಗಂಟಲಲ್ಲೂ ಅಲ್ಲ. ಮಕಾಕ್ ಮಂಗದ ಗಂಟಲು ಬೇಕಾದಷ್ಟು ಸ್ವರಗಳನ್ನು ಹೊರಡಿಸಬಲ್ಲದು ಅಂತ 2016ರಲ್ಲಿ ಟೆಕುಮ್ಸೆ ಫಿಚ್ ತಂಡ ಎಕ್ಸ್‌ರೇ ಹಿಡಿದು ತೋರಿಸಿತು.

ನನ್ನ ಮಟ್ಟಿಗೆ ಉತ್ತರ ಮೊಮ್ಮಗಳ ಬೆರಳಲ್ಲಿದೆ. ಮೊನ್ನೆ ಬೆಳಿಗ್ಗೆ ನನ್ನ ತೊಡೆಯ ಮೇಲಿದ್ದಳು. ಕಿಟಕಿಯ ಸರಳಿನ ಮೇಲೆ ಕಾಗೆ ಬಂದು ಕೂತಿತು. ತೋರುಬೆರಳು ಚಾಚಿ ‘ಊಂ’ ಅಂದಳು. ತಕ್ಷಣ ತಿರುಗಿ ನನ್ನ ಮುಖ ನೋಡಿದಳು. ನಾನು ಬೇರೆಲ್ಲೋ ನೋಡುತ್ತಿದ್ದೆ. ನನ್ನ ಗಲ್ಲ ತಟ್ಟಿ, ಮತ್ತೆ ಕಾಗೆಯತ್ತ ಬೆರಳು. ‘ಹೌದು ಪುಟ್ಟಿ, ಕಾಗೆ’ ಅಂದ ಮೇಲೇ ಅವಳಿಗೆ ಸಮಾಧಾನ. ಅವಳಿಗೆ ಕಾಗೆ ಬೇಕಿರಲಿಲ್ಲ. ನಾನು ಅದನ್ನು ನೋಡಬೇಕಿತ್ತು, ಅಷ್ಟೇ. ಮನುಷ್ಯರ ನಡುವೆ ಬೆಳೆದ ಚಿಂಪಾಂಜಿಗಳೂ ಕೈ ಚಾಚಿ ತೋರಿಸುವುದುಂಟು, ಆದರೆ ಹೆಚ್ಚಾಗಿ ಏನಾದರೂ ಬೇಕಾದಾಗ. ಸುಮ್ನೆ ‘ನೋಡು, ಎಷ್ಟು ಚೆನ್ನಾಗಿದೆ’ ಅನ್ನಲು ಬೆರಳು ಚಾಚುವ ಮರಿ ಮನುಷ್ಯರದ್ದು. ಮನಶ್ಶಾಸ್ತ್ರಜ್ಞ ಮೈಕೆಲ್ ಟೊಮಸೆಲ್ಲೊ ಇದನ್ನೇ ಮಾತಿನ ಬೇರು ಅನ್ನುತ್ತಾರೆ. ಕಾಗೆ ಅನ್ನುವ ಪದ ನನ್ನ ಬಾಯಿಂದ ಬಂದದ್ದು ಅವಳ ಬೆರಳು ಕೇಳಿದ್ದಕ್ಕೆ.

ಇದನ್ನು ಬಿಟ್ಟು ಬರೀ ಕಿವಿಯ ಲೆಕ್ಕ ಹೇಳಿದರೆ, ಮಗುವಿನ ಮುಂದೆ ಸ್ಕ್ರೀನ್ ಇಟ್ಟರೂ ಸಾಕು ಅಂತ ಅಪ್ಪ ಅಮ್ಮಂದಿರು ಅಂದುಕೊಳ್ಳುತ್ತಾರೆ. ನನ್ನ ಚಿಂತೆ ಅದೇ. 2003ರಲ್ಲಿ ಪೆಟ್ರಿಷಿಯಾ ಕುಲ್ ತಂಡ 9 ತಿಂಗಳ ಅಮೆರಿಕನ್ ಮಕ್ಕಳಿಗೆ ಚೀನಾದ ಮ್ಯಾಂಡರಿನ್ ಭಾಷೆ ಕೇಳಿಸಿತು. ಕೆಲವರ ಜೊತೆ ಒಬ್ಬರು ನೆಲದ ಮೇಲೆ ಕೂತು ಆಡುತ್ತಾ, ಪುಸ್ತಕ ಓದುತ್ತಾ ಮಾತಾಡಿದರು. ಹೀಗೆ 12 ಸಲ. ಉಳಿದವರಿಗೆ ಅದೇ ಮಾತು ಟಿವಿಯಲ್ಲಿ ಅಥವಾ ಬರೀ ಧ್ವನಿಯಲ್ಲಿ. ಜೊತೆಗೆ ಕೂತವರಿಂದ ಮಕ್ಕಳು ಮ್ಯಾಂಡರಿನ್ ಸದ್ದುಗಳ ವ್ಯತ್ಯಾಸ ಕಲಿತರು. ಟಿವಿಯಿಂದ, ಬರೀ ಧ್ವನಿಯಿಂದ ಏನೂ ಕಲಿಯಲಿಲ್ಲ.

ಈ ಪ್ರಯೋಗದ ಬಗ್ಗೆ ಅದೇ ಪುರವಣಿಯಲ್ಲಿ, ಅಷ್ಟೇ ಜಾಗ ಕೊಟ್ಟು ಇನ್ನೊಂದು ಲೇಖನ ಹಾಕುವಿರಾ?

ಇತಿ,
ನಿಮ್ಮ ಹಳೆಯ ಓದುಗರು