ಜಿಗಣೆ ಡೆಬಿಟ್, ಸರ್ ಕ್ರೆಡಿಟ್

ಲೋ ಸಾಹುಕಾರ,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ 'ತೋಟದಲ್ಲಿದ್ದೇನೆ, ನೆಟ್‌ವರ್ಕ್ ಇಲ್ಲ' ಅಂತ ಗಂಟೆ ಹೊಡೆದ ಹಾಗೆ ಸ್ಪಷ್ಟವಾಗಿ ಹೇಳಿ ಇಡುತ್ತೀಯ. ಅದಕ್ಕೇ ಎಲ್ಲರೆದುರು ಬರೆಯುತ್ತಿದ್ದೇನೆ. ಯಾರಾದರೂ ಒಬ್ಬರು ನಿನಗೆ ತೋರಿಸಿಯೇ ತೋರಿಸುತ್ತಾರೆ. ಸಿದ್ದಾಪುರ ಏನು ಅಷ್ಟು ದೊಡ್ಡ ಊರಾ?

ಇನ್ನೆರಡು ಪೇಪರ್ ಬರೆದರೆ ಡಿಗ್ರಿ ಮುಗಿಯಿತು. ಈ ವರ್ಷ ಮೇ ಮುಗಿಯುವ ಮೊದಲೇ ಮಳೆ ಹಿಡಿದಿದೆ. ಮಡಿಕೇರಿಯಲ್ಲಿ ಮಧ್ಯಾಹ್ನ ಮೂರಕ್ಕೇ ಲೈಟ್ ಹಾಕಿಕೊಂಡು ಓದಬೇಕು, ಹಾಕೋಣ ಅಂದರೆ ಕರೆಂಟಿಲ್ಲ. ಹಾಸ್ಟೆಲಿನ ಕಿಟಕಿಗೆ ಕಟ್ಟಿದ ಹಗ್ಗದಲ್ಲಿ ನನ್ನ ಒಂದು ಜೊತೆ ಕಾಲುಚೀಲ ಐದು ದಿನದಿಂದ ನೇತಾಡುತ್ತಿದೆ. ಒಣಗಿಲ್ಲ, ವಾಸನೆ ಮಾತ್ರ ಬದಲಾಗಿದೆ. ನೀನಿದ್ದಿದ್ದರೆ ಕ್ಯಾಂಟೀನ್ ಅಕ್ಕನ ಒಲೆ ಪಕ್ಕ ಇಟ್ಟು ಒಣಗಿಸಿಕೊಂಡು ಬರುತ್ತಿದ್ದೆ. ನಾನು ಕೇಳಿದರೆ ಅಕ್ಕ ಸೌಟು ತೋರಿಸುತ್ತಾರೆ. ಮೂರನೇ ಇಡ್ಲಿಯ ವಿಷಯ ಅವರಿನ್ನೂ ಮರೆತಿಲ್ಲ, ಗೊತ್ತಾಯ್ತಲ್ಲ.

ಹೊರಡುವ ಹೊತ್ತಲ್ಲಿ ಎಲ್ಲರೂ ಹಿಂದೆ ತಿರುಗಿ ನೋಡುತ್ತಾರಂತೆ. ನಾನೂ ನೋಡಿದೆ. ಜನರಲ್ ತಿಮ್ಮಯ್ಯ ವೃತ್ತದಿಂದ ಏದುಸಿರು ಬಿಡುತ್ತಾ ಹತ್ತಿದ ಏರು, ಕೋಟೆಯ ಗಾರೆ ಆನೆಗಳ ಪಕ್ಕ ನಿಂತು ನೀನು ಪ್ರವಾಸಿಗಳಿಗೆ ಕೊಟ್ಟ ಸ್ವಂತ ಇತಿಹಾಸ, 2023ರ ದಸರಾ ರಾತ್ರಿ. ಹತ್ತು ದೇವಸ್ಥಾನಗಳ ದಶಮಂಟಪ ಮೆರವಣಿಗೆ ನೋಡಿ ಬೆಳಗಿನ ಜಾವ ಖಾಸಗಿ ಬಸ್ ನಿಲ್ದಾಣದ ಬೆಂಚಿನ ಮೇಲೆ ನನ್ನ ಬ್ಯಾಗನ್ನು ತಲೆದಿಂಬು ಮಾಡಿಕೊಂಡು ನೀನು ಗೊರಕೆ ಹೊಡೆದೆ. ಕಳೆದ ವರ್ಷದ ದಸರಾಕ್ಕೂ ಹೋಗಿದ್ದೆ. ಮಂಟಪಗಳು ಹೊರಡುವ ಮೊದಲೇ ಹಾಸ್ಟೆಲಿಗೆ ವಾಪಸ್ ಬಂದು ಮಲಗಿದೆ.

ನೆನಪಾಗುವುದೆಲ್ಲ ನೀನಿದ್ದ ಎರಡು ವರ್ಷದ್ದೇ. ಮೂರನೇ ವರ್ಷದ್ದು ಅಂತ ಹೇಳಬೇಕಾದರೆ ಜಿಎಸ್‌ಟಿ ಇದೆ, ಅಷ್ಟೇ.

ಈಗ ವಿಷಯಕ್ಕೆ ಬರುತ್ತೇನೆ. ಹೋದ ವಾರ ಜೂನಿಯರ್‌ಗಳು ಬೀಳ್ಕೊಡುಗೆ ಇಟ್ಟಿದ್ದರು. ಪಾಪ, ಅವರದ್ದೇ ಒಂದು ಚಿಂತೆ. ನಮ್ಮ ಅಂಕಪಟ್ಟಿ ಮಂಗಳೂರಿನದು, ಅವರದ್ದು ಚಿಕ್ಕ ಅಳುವಾರದ ಕೊಡಗು ವಿಶ್ವವಿದ್ಯಾಲಯದ್ದು. 2023ರಲ್ಲಿ ಶುರುವಾದದ್ದನ್ನು 2025ರ ಫೆಬ್ರವರಿಯಲ್ಲೇ ಮುಚ್ಚುವ ಮಾತು ಬಂತಲ್ಲ. ಆದರೂ ಕೈಯಿಂದ ದುಡ್ಡು ಹಾಕಿ ನಮಗೆ ಬಿರಿಯಾನಿ ಕೊಟ್ಟರು. ಆಮೇಲೆ 'ಅಣ್ಣಾ, ಒಂದು ನೆನಪು ಹೇಳಿ' ಅಂತ ಮೈಕ್ ಹಿಡಿಸಿದರು.

ನಾನು ಜಿಗಣೆ ಕತೆ ಹೇಳಿದೆ.

ನಿನಗೆ ಗೊತ್ತಿರುವುದೇ, ಆದರೂ ಓದುವ ಉಳಿದವರಿಗೆ ಗೊತ್ತಾಗಲಿ. ಮೊದಲ ವರ್ಷದ ಮಳೆಗಾಲ, ಅಕೌಂಟ್ಸ್ ಕ್ಲಾಸು. ಸರ್ ಇದ್ದರೆ ನಾವು ಕೆಮ್ಮು ಬಂದರೂ ನುಂಗುತ್ತಿದ್ದೆವು. ಅವತ್ತು ಅವರ ಬಿಳಿ ಕಾಲುಚೀಲದ ಮೇಲೆ ಕುಂಕುಮದ ಬೊಟ್ಟಿನ ಹಾಗೆ ಒಂದು ಕಲೆ ಎದ್ದಿತು. ನೋಡನೋಡುತ್ತಾ ಎಂಟಾಣೆ ಅಗಲ ಆಯಿತು. ಮೇಲೆ ಜಿಗಣೆ, ಕುಡಿದು ದ್ರಾಕ್ಷಿಯಷ್ಟು ಉಬ್ಬಿತ್ತು. ಒಬ್ಬ ಎದ್ದ. ರೇನ್‌ಕೋಟಿನ ಜೇಬಿನಿಂದ ಉಪ್ಪಿನ ಪೊಟ್ಟಣ ತೆಗೆದು, ನೆಟ್ಟಗೆ ಹೋಗಿ ಸರ್ ಕಾಲ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತ. 'ಏನಪ್ಪಾ ಇದು?' ಅಂತ ಸರ್. 'ಎಂಟ್ರಿ ಹಾಕ್ತಿದ್ದೇನೆ ಸರ್. ತಗೊಂಡವರು ಡೆಬಿಟ್, ಕೊಟ್ಟವರು ಕ್ರೆಡಿಟ್. ಜಿಗಣೆ ಡೆಬಿಟ್, ನೀವು ಕ್ರೆಡಿಟ್.' ಒಂದು ಕ್ಷಣ ಕ್ಲಾಸಿನಲ್ಲಿ ಮಳೆಯ ಸದ್ದು ಬಿಟ್ಟರೆ ಏನೂ ಇಲ್ಲ. ಆಮೇಲೆ ಸರ್ ನಕ್ಕರು. ಅವರಿಗೆ ಹಲ್ಲಿದೆ ಅಂತ ಅವತ್ತೇ ಗೊತ್ತಾದದ್ದು.

ಆ ಒಬ್ಬ ನೀನು. ಬೀಳ್ಕೊಡುಗೆಯಲ್ಲಿ ಆ ಒಬ್ಬ ನಾನಾದೆ.

ಬೇಕಂತ ಮಾಡಿದ್ದಲ್ಲ ಮಾರಾಯ. 'ನನ್ನ ಗೆಳೆಯ ಒಬ್ಬ' ಅಂತಲೇ ಶುರು ಮಾಡಬೇಕೆಂದಿದ್ದೆ. ಬಾಯಿ ತೆರೆದಾಗ 'ನಾನು' ಅಂತ ಬಂತು. ಸಭೆ ಬಿದ್ದು ಬಿದ್ದು ನಕ್ಕಿತು. ನಗು ಬಂದ ಮೇಲೆ ಯಾರು ತಿದ್ದುತ್ತಾರೆ ಹೇಳು. ಈಗ ಜೂನಿಯರ್‌ಗಳು ಬಸ್ ನಿಲ್ದಾಣದಲ್ಲೂ 'ಜಿಗಣೆ ಅಣ್ಣಾ' ಅಂತ ಕೂಗುತ್ತಾರೆ. ಹೆಸರು ಎಷ್ಟು ಸರಿಯಾಗಿದೆ ಅಂತ ಅವರಿಗೆ ಗೊತ್ತಿಲ್ಲ.

ಜಿಗಣೆಯನ್ನು ಮೊದಲು ನೋಡಿದವನು ನಾನು. ನಿನ್ನ ತೊಡೆ ಚಿವುಟಿ ತೋರಿಸಿದೆ, ನೆನಪಿದೆಯಾ? ತೋರಿಸಿ ಸುಮ್ನೆ ಕೂತೆ. ಎದ್ದವನು ನೀನು.

ಇಷ್ಟಕ್ಕೇ ನಿಲ್ಲಿಸೋಣ ಅಂತಿದ್ದೆ. ಇನ್ನೊಂದು ಹೇಳಿಬಿಡುತ್ತೇನೆ.

ಕಳೆದ ವರ್ಷ ಫೆಬ್ರವರಿಯಲ್ಲಿ ಮೆಣಸು ಕುಯ್ಯುವಾಗ ನಿನ್ನ ಅಪ್ಪ ಏಣಿಯಿಂದ ಬಿದ್ದರಲ್ಲ, ನೀನು ಮೈಸೂರಿನ ಆಸ್ಪತ್ರೆಯಲ್ಲಿದ್ದೆ. ಸ್ಟಾಫ್ ರೂಮಿನ ಹೊರಗೆ ಅದೇ ಸರ್ ನನ್ನನ್ನು ನಿಲ್ಲಿಸಿದರು. 'ನಿನ್ನ ಜೊತೆಗಾರನಿಗೆ ಹೇಳು. ಆಸ್ಪತ್ರೆ ಕಾಗದ ಇಟ್ಟು ಒಂದು ಅರ್ಜಿ ಕೊಡಲಿ. ಹಾಜರಾತಿ ವಿಷಯ ನಾನು ಮಾತಾಡ್ತೇನೆ' ಅಂದರು. ಅದೇ ಸಂಜೆ ನೀನು ಫೋನ್ ಮಾಡಿದೆ. ಆಸ್ಪತ್ರೆಯ ಕಾಫಿ ಕಾಫಿಯೇ ಅಲ್ಲ ಅಂತ ಬೈದೆ. ಕಣದಲ್ಲಿ ಒಣಗಿದ ಕಾಫಿ ಯಾರು ಚೀಲಕ್ಕೆ ತುಂಬುತ್ತಾರೋ ಅಂದೆ. ಕೊನೆಗೆ 'ಕಾಲೇಜಲ್ಲಿ ಏನಾದ್ರೂ ಕೇಳಿದ್ರಾ?' ಅಂತ ಕೇಳಿದೆ.

'ಏನಿಲ್ಲ. ನೀನು ಮನೆ ನೋಡ್ಕೋ' ಅಂದೆ.

ಮರೆತುಹೋಯಿತು ಅಂತ ಒಂದು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಮರೆತಿರಲಿಲ್ಲ. ನೀನಿಲ್ಲದ ಆ ಎರಡು ವಾರದಲ್ಲಿ ಕ್ಲಾಸಿನವರು ನನ್ನನ್ನು ಹೆಸರು ಹಿಡಿದು ಕರೆಯಲು ಶುರು ಮಾಡಿದ್ದರು. ಅದಕ್ಕೆ ಮೊದಲು ನಾನು 'ಅವನ ಜೊತೆ ಇರ್ತಾನಲ್ಲ, ಅವನು'. ಕಿಟಕಿ ಪಕ್ಕದ ನಿನ್ನ ಜಾಗದಲ್ಲಿ ಕೂತಿದ್ದೆ. ಅಲ್ಲಿಂದ ಬೆಟ್ಟ ಕಾಣುತ್ತದೆ, ನೀನು ಒಂದು ದಿನವೂ ಹೇಳಲಿಲ್ಲ ನೋಡು.

ಅರ್ಜಿ ಕೊಟ್ಟಿದ್ದರೂ ನೀನು ವಾಪಸ್ ಬರುತ್ತಿದ್ದೆಯೋ ಇಲ್ಲವೋ. ತೋಟ, ಅಪ್ಪ, ಸಾಲ ಎಲ್ಲ ಇತ್ತು. ಹಾಗಂತ ಲೆಕ್ಕ ಹಾಕಿಯೇ ಇಷ್ಟು ದಿನ ನಿದ್ದೆ ಮಾಡಿದ್ದೇನೆ. ಗ್ರೂಪ್ ಫೋಟೋ ದಿನ ಸರ್ ನನ್ನ ಪಕ್ಕ ಬಂದು, 'ಅವನು ಅರ್ಜಿ ಕೊಡಲೇ ಇಲ್ಲ ಅಲ್ವಾ' ಅಂದರು. ಅಷ್ಟರಲ್ಲಿ ಫೋಟೋದವನು 'ರೆಡಿ' ಅಂದ. ಫೋಟೋದಲ್ಲಿ ನನ್ನ ಮುಖ ನೋಡಿದರೆ ಪೇಪರ್ ಫೇಲಾದವನ ಹಾಗಿದೆ.

ಸರಿ ಬಿಡು. ಇದನ್ನು ಓದಿ ಯಾರೂ ಅಳುವ ಗೊಂಬೆ ಹಾಕಬೇಡಿ. ಹುಡುಗನಿಗೇನು ಕಮ್ಮಿ? ರೋಬಸ್ಟಾ ಕಾಫಿ ಚೆರಿ ಚೀಲಕ್ಕೆ ಹತ್ತು ಸಾವಿರ ದಾಟಿದ ವರ್ಷವೇ ಪ್ಲಾಂಟರ್ ಆಗಿ ಕೂತ. ನಾವು ಬಿಕಾಂ ಮಾಡಿ ಅಂಥವರ ಲೆಕ್ಕ ಬರೆಯಲು ಹೊರಟಿದ್ದೇವೆ. ಸಾಹುಕಾರರೇ, ಗುಮಾಸ್ತನ ಕೆಲಸ ಖಾಲಿ ಇದ್ದರೆ ತಿಳಿಸಿ. ಡೆಬಿಟ್ ಕ್ರೆಡಿಟ್ ಬರುತ್ತದೆ, ಯಾವುದು ಯಾವ ಕಡೆ ಅನ್ನುವುದೊಂದೇ ಆಗಾಗ ತಪ್ಪುತ್ತದೆ.

ನಿನ್ನ ಕೊಡೆ ನನ್ನ ಹತ್ತಿರವೇ ಇದೆ. ಎರಡು ಕಡ್ಡಿ ಮುರಿದಿದೆ, ಅದು ಗಾಳಿಯ ತಪ್ಪು. ಅಪ್ಪ ಈಗ ಕೋಲಿಲ್ಲದೆ ಕಣದವರೆಗೆ ನಡೆಯುತ್ತಾರಂತೆ, ಯಾರೋ ಹೇಳಿದರು. ಯಾರೋ ಹೇಳಿ ನನಗೆ ಗೊತ್ತಾಗಬೇಕು, ನೋಡು.

ಫೋನಿನಲ್ಲಿ ಒಂಬತ್ತು ಪರ್ಸೆಂಟ್ ಚಾರ್ಜಿದೆ. ಕೊನೆಯ ಪೇಪರ್ ಮುಗಿದ ದಿನ ಚೆಟ್ಟಳ್ಳಿ ಮೇಲೆ ಹೋಗುವ ಸಿದ್ದಾಪುರ ಬಸ್ಸು ಹತ್ತುತ್ತೇನೆ. ಬೇಡ ಅಂತಿದ್ದರೆ ಈಗಲೇ ಹೇಳು. ನೆಟ್‌ವರ್ಕ್ ಇಲ್ಲ ಅಂತಿದ್ದರೆ ಬಂದೇ ಬರುತ್ತೇನೆ.

ಉಪ್ಪು ತೆಗೆದಿಟ್ಟಿರು.

ಇಂತಿ ನಿನ್ನ,
ಜಿಗಣೆ