ಪದ್ಮಿನೀವಲ್ಲಭನಿಗೆ, ಕಾರವಾರದಿಂದ

ಪ್ರಿಯ ಪದ್ಮಿನೀವಲ್ಲಭಾ,

ನಿನ್ನ ಕಾರಿನ ಸದ್ದಿನ ಧ್ವನಿಮುದ್ರಣ ತಲುಪಿದೆ. ಕತಗಾಲ ದಾಟಿ ದೇವಿಮನೆ ಘಟ್ಟ ಹತ್ತುವಾಗ ನಿನ್ನ ಪ್ರೀಮಿಯರ್ ಪದ್ಮಿನಿ ಮತ್ತೆ ಕೈಕೊಟ್ಟಿತು, ನೀನು ಒಂದು ಎಲೆಯಡಿಕೆಯ ಕವಳ ಹಾಕಿ ಮುಗಿಸುವಷ್ಟರಲ್ಲಿ ಏನೂ ಆಗಿಯೇ ಇಲ್ಲವೆಂಬಂತೆ ಸ್ಟಾರ್ಟ್ ಆಯಿತು, ಆದರೆ ಅತ್ತಿಗೆ ಮಾತ್ರ ಶಿರಸಿಯವರೆಗೂ ಬಾಯಿ ಬಿಡಲಿಲ್ಲ ಎಂಬ ವರದಿಯೂ ತಲುಪಿದೆ. ಉತ್ತರವನ್ನು ಬೇಕೆಂದೇ ಎಲ್ಲರೆದುರು ಬರೆಯುತ್ತಿದ್ದೇನೆ. ಹೋದ ಸಲ ಗುಟ್ಟಾಗಿ ಹೇಳಿದ್ದನ್ನು ನೀನು ನಿನ್ನ ಮೇಸ್ತ್ರಿಯ ಹತ್ತಿರ ತಲೆಕೆಳಗು ಮಾಡಿ ಹೇಳಿದೆ. ಈ ಸಲ ಸಾಕ್ಷಿಗಳಿದ್ದಾರೆ. ಸಾಕ್ಷಿಗಳಲ್ಲಿ ಒಂದು ವಿನಂತಿ: ಇವನ ಕಾರಿನ ಬಣ್ಣ ಯಾವುದೆಂದು ಕೇಳಬೇಡಿ. ಆ ಪ್ರಶ್ನೆಗೆ ಒಂದು ಮದುವೆಮನೆಯೇ ಎರಡು ಪಕ್ಷವಾಗಿತ್ತು. ಹಟ್ಟಿಕೇರಿ ಟೋಲಿನಲ್ಲಿ ನಡೆದದ್ದನ್ನೂ ಬರೆಯುವುದಿಲ್ಲ, ಮಾತು ಕೊಟ್ಟಿದ್ದೇನೆ.

ಮೊದಲು ನಿನ್ನ ತರ್ಕವನ್ನು ಬಿಚ್ಚೋಣ. ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತಿದೆ, ಸ್ವಲ್ಪ ಹೊತ್ತು ಕಾದೆ, ಕಾರು ಹೊರಟಿತು; ಆದ್ದರಿಂದ ಬಿಸಿಗೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ಪಂಪ್ ಎಳೆಯದೇ ಹೋಗಿತ್ತು ಎನ್ನುತ್ತೀಯಾ. ಘಟ್ಟದ ಏರಿನಲ್ಲಿ ಎರಡನೇ ಗೇರಿನಲ್ಲಿ ತೆವಳುವ ಹಳೆಯ ಕಾರಿಗೆ ಹಾಗೆ ಆಗುವುದುಂಟು, ಇಲ್ಲವೆನ್ನುವುದಿಲ್ಲ. ಆದರೆ ನೀನು ಕಾಯುತ್ತಿದ್ದಾಗ ಪಂಪ್ ಒಂದೇ ತಣ್ಣಗಾಯಿತೇ? ಕಿಡಿ ಹುಟ್ಟಿಸುವ ಕಾಯಿಲ್ ತಣ್ಣಗಾಯಿತು, ಅದರ ಜೊತೆಗಾರ ಕಂಡೆನ್ಸರ್ ತಣ್ಣಗಾಯಿತು, ಅತ್ತಿಗೆಯನ್ನು ಬಿಟ್ಟು ಎಲ್ಲವೂ ತಣ್ಣಗಾಯಿತು. ಬಿಸಿಯಾದಾಗ ಸತ್ತು ತಣ್ಣಗಾದಾಗ ಏಳುವ ಭಾಗಗಳು ಒಂದಕ್ಕಿಂತ ಹೆಚ್ಚಿವೆ ಮಾರಾಯ. ಒದ್ದೆ ಬಟ್ಟೆಯಿಂದ ಸಾಬೀತಾದದ್ದು ಒದ್ದೆ ಬಟ್ಟೆ ಒದ್ದೆಯಾಗಿತ್ತು ಎಂಬುದಷ್ಟೇ.

ಹಾಗಾಗಿ ಮುಂದಿನ ಸಲ ಕಾರು ನಿಂತಾಗ ಕವಳದ ಸಂಚಿಗೆ ಕೈ ಹಾಕುವ ಮೊದಲೇ, ಇನ್ನೂ ಕುದಿಯುತ್ತಿರುವಾಗಲೇ, ಬಾನೆಟ್ ಎತ್ತು. ತಿಳಿಯಬೇಕಾದದ್ದು ಒಂದೇ: ಬೆಂಕಿ, ಅಂದರೆ ಕಿಡಿ, ಇಲ್ಲವೋ, ಪೆಟ್ರೋಲ್ ಇಲ್ಲವೋ. ಕಿಡಿಯನ್ನು ಸಿಲಿಂಡರುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪಿನ ನಡುವಿಗೆ ಕಾಯಿಲಿನಿಂದ ಬರುವ ದಪ್ಪ ತಂತಿಯನ್ನು ಕಿತ್ತು, ಅದರ ತುದಿಯನ್ನು ಎಂಜಿನ್ನಿನ ಕಬ್ಬಿಣದಿಂದ ಆರೇಳು ಮಿಲಿಮೀಟರ್ ದೂರದಲ್ಲಿ ಹಿಡಿ. ಬರಿಗೈಯಲ್ಲಿ ಅಲ್ಲ, ಪ್ಲಾಸ್ಟಿಕ್ ಹಿಡಿಯ ಒಣ ಇಕ್ಕಳದಲ್ಲಿ. ಪೆಟ್ರೋಲ್ ಚೆಲ್ಲಿದ್ದರೆ ಈ ಕೆಲಸಕ್ಕೆ ಕೈ ಹಾಕಲೇಬೇಡ. ಅತ್ತಿಗೆ ಸೆಲ್ಫ್ ಹೊಡೆಯಲಿ, ಆ ಹೊತ್ತಿಗೆ ಅವರಿಗೂ ಏನಾದರೂ ತಿರುಚುವ ಮನಸ್ಸಿರುತ್ತದೆ. ನೀಲಿ ಕಿಡಿ ದಪ್ಪವಾಗಿ ಹಾರಿದರೆ ಬೆಂಕಿಯ ಕಡೆಯವರೆಲ್ಲ ಬಹುಮಟ್ಟಿಗೆ ನಿರಪರಾಧಿಗಳು, ಪೆಟ್ರೋಲಿನ ದಾರಿ ಹಿಡಿ. ಕಿಡಿ ಹಳದಿಯಾಗಿ ಸಣಕಲಾಗಿದ್ದರೆ, ಅಥವಾ ಇಲ್ಲವೇ ಇಲ್ಲದಿದ್ದರೆ, ಕಾರ್ಬ್ಯುರೇಟರ್ ಮುಟ್ಟಿದವನ ಕೈ ಕಡಿ. ನಿನ್ನ ಮೇಸ್ತ್ರಿ ಅದನ್ನು ಈಗಾಗಲೇ ಎರಡು ಸಲ ಬಿಚ್ಚಿ ಜೋಡಿಸಿದ್ದಾನೆ. ಕಾರ್ಬ್ಯುರೇಟರ್ ಪಾಪದ್ದು, ಕಣ್ಣೆದುರೇ ಕೂತಿರುತ್ತದೆ, ಅದಕ್ಕೇ ಎಲ್ಲರೂ ಅದನ್ನೇ ಬಿಚ್ಚುತ್ತಾರೆ.

ನನ್ನ ಅನುಮಾನ ಕಂಡೆನ್ಸರ್ ಮೇಲೆ. ಕಿರುಬೆರಳ ತುದಿಯಷ್ಟು ಡಬ್ಬಿ, ಅದರ ಮಹತ್ವ ಕೆಡುವವರೆಗೂ ಗೊತ್ತಾಗುವುದಿಲ್ಲ. ಡಿಸ್ಟ್ರಿಬ್ಯೂಟರಿನೊಳಗೆ ಕರೆಂಟನ್ನು ಕೂಡಿಸಿ ಕಡಿಯುವ ಪಾಯಿಂಟ್ ತೆರೆದ ಕ್ಷಣ ಕಾಯಿಲಿನಲ್ಲಿ ಹರಿಯುತ್ತಿದ್ದ ಕರೆಂಟಿಗೆ ಥಟ್ಟನೆ ನಿಲ್ಲುವ ಇಷ್ಟವಿರುವುದಿಲ್ಲ, ಆ ಸಂದಿಯನ್ನೇ ಹಾರಲು ನೋಡುತ್ತದೆ. ಕಂಡೆನ್ಸರ್ ಅದನ್ನು ತನ್ನೊಳಗೆ ಎಳೆದುಕೊಳ್ಳುವುದರಿಂದಲೇ ಕಾಯಿಲಿನ ಕಾಂತಕ್ಷೇತ್ರ ಒಮ್ಮೆಗೇ ಕುಸಿದು, 12 ವೋಲ್ಟಿನ ಬ್ಯಾಟರಿಯಿಂದ ಸಾವಿರಾರು ವೋಲ್ಟ್ ಹುಟ್ಟುತ್ತದೆ. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ನಾಲ್ಕು ಸಿಲಿಂಡರಿಗೆ ಸೇರಿ ಸೆಕೆಂಡಿಗೆ ನೂರು ಸಲ ಇದು ನಡೆಯಬೇಕು. ಒಳಗಿನ ನಿರೋಧಕ ಪದರ ಹಳತಾದರೆ ತಣ್ಣಗಿರುವಾಗ ಸರಿಯಾಗಿಯೇ ಇದ್ದು, ಬಿಸಿ ಏರಿದಂತೆ ಸೋರತೊಡಗುತ್ತದೆ. ಕ್ಯಾಪ್ ತೆಗೆದು ಪಾಯಿಂಟಿನ ಮುಖ ನೋಡು. ಒಂದು ಬದಿಯಲ್ಲಿ ಗುಳಿ, ಇನ್ನೊಂದರಲ್ಲಿ ಅದೇ ಅಳತೆಯ ಉಬ್ಬು ಇದ್ದರೆ ಲೋಹ ಅತ್ತಿಂದಿತ್ತ ವಲಸೆ ಹೋಗಿದೆ ಎಂದರ್ಥ. ಕಂಡೆನ್ಸರಿನ ಕೈವಾಡ ಅಲ್ಲೇ ಬರೆದಿರುತ್ತದೆ. ರಸ್ತೆಬದಿಯಲ್ಲಿ ಡಿಸ್ಟ್ರಿಬ್ಯೂಟರ್ ಬಿಚ್ಚುವ ಗೋಜು ಬೇಡ. ಹಳೆಯದರ ತಂತಿ ಬಿಡಿಸಿ, ಹೊಸ ಕಂಡೆನ್ಸರಿನ ತಂತಿಯನ್ನು ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ತುದಿಗೂ, ಅದರ ಡಬ್ಬಿಯನ್ನು ಬಾಡಿಯ ಯಾವುದಾದರೂ ಸ್ವಚ್ಛ ಕಬ್ಬಿಣಕ್ಕೂ ಕಟ್ಟಿದರೆ ಮನೆ ಮುಟ್ಟಬಹುದು. ಯಾವ ಕಾರಿನ ಕಂಡೆನ್ಸರ್ ಆದರೂ ಅಷ್ಟಕ್ಕೆ ಸಾಕು. ನನ್ನ ಅಂಬಾಸಿಡರಿನದು ನಿನ್ನ ಪದ್ಮಿನಿಯನ್ನು ಘಟ್ಟ ಹತ್ತಿಸುವ ದಿನವನ್ನು ನಾನು ಕಾಯುತ್ತಲೇ ಇದ್ದೇನೆ. ನಿನ್ನದು 1089 ಸಿಸಿ, ನನ್ನದು 1489. ಅಷ್ಟು ವ್ಯತ್ಯಾಸದಲ್ಲಿ ಒಂದು ಬೈಕೇ ಬರುತ್ತದೆ.

ಇನ್ನೊಂದು. ಎಂಜಿನ್ ಆರಿಸಿ, ಕೀಲಿ ಆನ್ ಇಟ್ಟು, ತಾಳಮದ್ದಳೆಯ ಕ್ಯಾಸೆಟ್ ಕೇಳುವ ಚಟವನ್ನು ಇವತ್ತಿಗೇ ಬಿಡು. ಪಾಯಿಂಟ್ ಮುಚ್ಚಿಕೊಂಡ ಸ್ಥಿತಿಯಲ್ಲಿ ಎಂಜಿನ್ ನಿಂತಿದ್ದರೆ ಕಾಯಿಲಿನಲ್ಲಿ ನಾಲ್ಕು ಆಂಪಿಯರ್ ಆಸುಪಾಸು ಕರೆಂಟ್ ಸುಮ್ಮನೆ ಹರಿಯುತ್ತಲೇ ಇರುತ್ತದೆ. ಕರ್ಣ ಸಾಯುವ ಹೊತ್ತಿಗೆ ಕಾಯಿಲೂ ಸಾಯುತ್ತದೆ.

ಪೆಟ್ರೋಲಿನ ಕಡೆ ಹೆಚ್ಚು ಹೇಳುವುದಿಲ್ಲ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಇದೆ. ನಮ್ಮ ಕಾರುಗಳ ಕಾಲದ ರಬ್ಬರ್ ಪೈಪು, ಪಂಪಿನ ಡಯಾಫ್ರಮ್ ಅದನ್ನು ತಿಂದು ಮೆತ್ತಗಾಗುತ್ತವೆ. ಬದಲಿಸು, ಅಷ್ಟೇ. ಮತ್ತೆ ಟ್ಯಾಂಕಿನ ಮುಚ್ಚಳ. ಅದರಲ್ಲಿ ಗಾಳಿಯಾಡುವ ಸಣ್ಣ ತೂತಿರುತ್ತದೆ, ಕಟ್ಟಿಹೋದರೆ ಟ್ಯಾಂಕಿನಲ್ಲಿ ನಿರ್ವಾತವಾಗಿ ಪಂಪ್ ಎಳೆದೂ ಎಳೆದೂ ಸೋಲುತ್ತದೆ. ಆಗಲೂ ಕಾರು ಒಂದಷ್ಟು ದೂರ ಹೋಗಿ ನಿಲ್ಲುತ್ತದೆ, ಕಾದರೆ ಹೊರಡುತ್ತದೆ. ನಿಂತ ತಕ್ಷಣ ಮುಚ್ಚಳ ತೆರೆದು ನೋಡು. ಸುಯ್ಯೆಂದು ಗಾಳಿ ಒಳಗೆ ನುಗ್ಗುವ ಸದ್ದು ಕೇಳಿದರೆ ಕಳ್ಳ ಸಿಕ್ಕ.

ಸದ್ದನ್ನು ನೀನೇ ಕೇಳಿಸಿಕೋ. ಅದನ್ನು ಮೊಬೈಲಿನಲ್ಲಿ ಹಿಡಿದು ನನಗೆ ಕಳಿಸಬೇಡ.

ಇದನ್ನು ಇಲ್ಲಿ ಬರೆಯಬೇಕೆಂದು ಕೂತಿರಲಿಲ್ಲ, ಬಂತು, ಬರೆದುಬಿಡುತ್ತೇನೆ. ನಿನ್ನ ಧ್ವನಿಮುದ್ರಣವನ್ನು ಮತ್ತೆ ಮತ್ತೆ ಹಾಕಿ ಕೇಳಿದೆ. ಎಂಜಿನ್ನಿನ ಗುಡುಗು ಕೇಳುತ್ತದೆ, ನಿನ್ನ ಗೊಣಗಾಟ ಕೇಳುತ್ತದೆ. ಅದರ ಮೇಲೆ ಕೂತಿರಬೇಕಾದ ಸಣ್ಣ ಸದ್ದುಗಳು, ಟ್ಯಾಪೆಟ್ಟಿನ ಟಿಕ್ ಟಿಕ್, ಕ್ಯಾಪಿನ ಬಿರುಕಿನಲ್ಲಿ ಕಿಡಿ ಸೋರುವಾಗಿನ ಚಿಟಿಚಿಟಿ, ಯಾವುದೂ ಇಲ್ಲ. ಮೊದಲು ನಿನ್ನ ಮೊಬೈಲನ್ನು ಬೈದೆ.

ಮಳೆಗಾಲಕ್ಕೆ ಮುಂಚೆ ನನ್ನ ಕಾರು ಮಿಸ್ ಹೊಡೆಯುತ್ತಿತ್ತಲ್ಲ, ಅದನ್ನು ಹಿಡಿದದ್ದು ನಾನೆಂದು ನೀನು ಊರೆಲ್ಲ ಹೇಳಿಕೊಂಡು ಬಂದೆ. ಹಿಡಿದದ್ದು ಕೋಡಿಬಾಗದ ಗ್ಯಾರೇಜಿನ ಹುಡುಗ. ಇನ್ನೂ ಮೀಸೆ ಸರಿಯಾಗಿ ಬಂದಿಲ್ಲ. ಪರೀಕ್ಷೆಗೆಂದು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಿಣಗಾ ಕಡೆ ಹೊರಟಿದ್ದೆ. ಸುರಂಗದೊಳಗೆ ಹೋದಾಗ ಗಾಜು ಇಳಿಸು ಎಂದೆ. ಗೋಡೆಗೆ ಬಡಿದು ಬರುವ ಸದ್ದಿನಲ್ಲಿ ಯಾವ ಸಿಲಿಂಡರ್ ತಪ್ಪಿಸಿಕೊಳ್ಳುತ್ತಿದೆ ಎಂಬುದು ಸ್ಪಷ್ಟವಾಗುತ್ತದೆ ಎಂದು ಅವನಿಗೆ ಪಾಠವನ್ನೂ ಮಾಡಿದೆ. ಒಳಗೆ ಹೋಗುತ್ತಲೇ ಅವನು, "ಇಗೋ ಕಾಕಾ, ಕಾಲು ಎತ್ತಿದಾಗ ಬಿಡುತ್ತದೆ, ಒತ್ತಿದಾಗ ಮತ್ತೆ ಬರುತ್ತದೆ, ಕೇಳಿತಲ್ಲ?" ಎಂದ. ನಾನು ತಲೆಯಾಡಿಸಿದೆ. ನನಗೆ ಕೇಳಿದ್ದು ಒಂದೇ ಸಮನಾದ ಗುಂಯ್. ಆಮೇಲೆ ಅವನೇ ಡಿಸ್ಟ್ರಿಬ್ಯೂಟರಿನ ಒಳಗಿನ ತಟ್ಟೆಯನ್ನು ಬೆರಳಿನಲ್ಲಿ ತಿರುಗಿಸಿ ತೋರಿಸಿದ. ಆ ತಟ್ಟೆಗೆ ಅರ್ಥಿಂಗ್ ಕೊಡುವ ಪುಟ್ಟ ತಂತಿ, ಮೇಲಿನ ಬಟ್ಟೆಯ ಹೊದಿಕೆ ಹಾಗೇ ಇದ್ದು, ಒಳಗೇ ತುಂಡಾಗಿತ್ತು. ಎಕ್ಸಲರೇಟರ್ ಒತ್ತಿ ಬಿಟ್ಟಾಗ ವ್ಯಾಕ್ಯೂಮ್ ಆ ತಟ್ಟೆಯನ್ನು ಎಳೆಯುತ್ತದೆ, ತುಂಡುಗಳು ಒಮ್ಮೆ ತಾಗುತ್ತವೆ, ಒಮ್ಮೆ ತಾಗುವುದಿಲ್ಲ. ಹೊರಗಿನಿಂದ ನೋಡಿದರೆ ಎಲ್ಲ ಸರಿ.

ಆಮೇಲೆ ಕಿವಿ ವೈದ್ಯರ ಹತ್ತಿರ ಹೋದೆ. ಮನೆಯವಳು ಸೊಪ್ಪು ತನ್ನಿ ಎಂದರೆ ಉಪ್ಪು ತಂದ ಮೇಲೆ ಹೋಗದೆ ಗತಿ ಇರಲಿಲ್ಲ. ಸಾಣಿಕಟ್ಟೆಯ ಉಪ್ಪು ಈಗ ನಮ್ಮ ಮನೆಯಲ್ಲಿ ಮುಂದಿನ ವರ್ಷಕ್ಕಾಗುವಷ್ಟಿದೆ. ಪೆಟ್ಟಿಗೆಯೊಳಗೆ ಕೂರಿಸಿ ಕಿವಿಗೆ ಸದ್ದು ಬಿಟ್ಟರು. ಕಾಗದದ ಮೇಲಿನ ಗೆರೆ ಸಲೀಸಾಗಿ ಹೋಗುತ್ತಾ 4,000 ಹರ್ಟ್ಸ್ ಹತ್ತಿರ ಬಂದಾಗ ದೇವಿಮನೆ ಘಟ್ಟದಂತೆ ಇಳಿಯಿತು. ಜೋರು ಸದ್ದಿನಲ್ಲಿ ಬದುಕಿದವರ ಕಿವಿ ಮೊದಲು ಸೋಲುವುದು ಅಲ್ಲೇ ಅಂತೆ. ಸಾಯ್ಲೆನ್ಸರ್ ಇಲ್ಲದ ಎಂಜಿನ್ನುಗಳ ಮೇಲೆ ತಲೆ ಬಾಗಿಸಿ ಕಳೆದ ಆಯುಷ್ಯದ ಲೆಕ್ಕ. ಸ, ಶ, ಚ ಅಕ್ಷರಗಳ ಸದ್ದಿನ ಬಹುಪಾಲು ಅಲ್ಲೇ ಮೇಲೆ ಇರುತ್ತದೆಯಂತೆ. ಜೀರುಂಡೆಯದೂ.

ಜೀರುಂಡೆ ಎಂದಾಗ ನೆನಪಾಯಿತು. ನಿನ್ನ ಮನೆಯ ಅಂಗಳದಲ್ಲಿ ಕೂತು, "ಈ ವರ್ಷ ಜೀರುಂಡೆಗಳೇ ಇಲ್ಲವಲ್ಲೋ" ಎಂದಿದ್ದೆ. ನೀನು ಒಂದು ಕ್ಷಣ ನನ್ನ ಮುಖ ನೋಡಿ, ಹವಾಮಾನ ಬದಲಾವಣೆಯ ಬಗ್ಗೆ ಉದ್ದ ಭಾಷಣ ಮಾಡಿದೆ. ನಿನಗೆ ಆಗಲೇ ಗೊತ್ತಾಗಿತ್ತು, ಅಲ್ಲವೇ? ಸುತ್ತಲಿನ ತೋಟವೆಲ್ಲ ಕಿರುಚುತ್ತಿದ್ದಿರಬೇಕು.

ಕಾರಿನ ವಿಷಯ ಇರಲಿ. ಕಿವಿಯಿಟ್ಟು ಕಾಯಿಲೆ ಹೇಳುವವನು ಎಂದು ಜನ ನನ್ನನ್ನು ನಂಬಿದ್ದಾರೆ. ಅವರಿಗೆ ಹೇಳಿದ್ದರಲ್ಲಿ ಕೇಳಿ ಹೇಳಿದ್ದೆಷ್ಟು, ಅನುಭವದ ಅಂದಾಜಿನಲ್ಲಿ ತುಂಬಿದ್ದೆಷ್ಟು ಎಂದು ನನಗೇ ಬೇರ್ಪಡಿಸಲಾಗುತ್ತಿಲ್ಲ. ಅದನ್ನೂ ಸಹಿಸಿಕೊಳ್ಳಬಹುದು, ಅಂದಾಜು ಅನೇಕ ಸಲ ಸರಿಯೂ ಇರುತ್ತದೆ. ಆದರೆ ನಿನ್ನ ಆಯಿ ತೀರಿಹೋದ ವಾರ ನೀನು ರಾತ್ರಿ ಫೋನ್ ಮಾಡಿದ್ದೆ. ಸಣ್ಣ ದನಿಯಲ್ಲಿ ತುಂಬ ಹೊತ್ತು ಮಾತನಾಡಿದೆ. ನನಗೆ ಅರ್ಧಕ್ಕರ್ಧ ಕೇಳಿಸಲಿಲ್ಲ. ಮತ್ತೆ ಹೇಳು ಎನ್ನುವ ಹೊತ್ತು ಅದಾಗಿರಲಿಲ್ಲ, ಹೂಂ ಎನ್ನುತ್ತಾ ಹೋದೆ. ಕೊನೆಗೆ ನೀನು ಏನೋ ಕೇಳಿದೆ. ಅದಕ್ಕೂ ಹೂಂ ಎಂದೆ. ನೀನು ಸುಮ್ಮನಾಗಿ ಫೋನ್ ಇಟ್ಟೆ. ಏನು ಕೇಳಿದ್ದೆ, ನಾನು ಯಾವುದಕ್ಕೆ ಒಪ್ಪಿಕೊಂಡೆ ಎಂದು ಇಷ್ಟು ದಿನ ಕೇಳಲು ನಾಚಿಕೆಯಾಯಿತು. ಈಗಲೂ ಫೋನಿನಲ್ಲಿ ಕೇಳಲಾರೆ ಎಂದೇ ಪತ್ರ ಬರೆಯುತ್ತಿರುವುದು ಎಂದು ಈ ಸಾಲಿಗೆ ಬಂದಾಗ ತಿಳಿಯುತ್ತಿದೆ.

ಸರಿ, ಸಾಕು. ಸಾಕ್ಷಿಗಳು ಕರವಸ್ತ್ರ ಒಳಗಿಡಿ. ಸಾಲ ಕೇಳಿದ್ದರೆ ಆ ಹೂಂ ರದ್ದಾಗಿದೆ ಎಂದು ಈ ಮೂಲಕ ಪ್ರಕಟಿಸುತ್ತಿದ್ದೇನೆ. ಅಂಬಾಸಿಡರಿಗಿಂತ ಪದ್ಮಿನಿ ಮೇಲೆಂದು ಒಪ್ಪುತ್ತೀಯಾ ಎಂದು ಕೇಳಿದ್ದರಂತೂ ನ್ಯಾಯಾಲಯಕ್ಕೆ ಹೋಗುತ್ತೇನೆ.

ಕಣ್ಣು ಇನ್ನೂ ನೆಟ್ಟಗಿದೆ. ಆದ್ದರಿಂದ ಈಗ ನನ್ನ ವೈದ್ಯಪದ್ಧತಿಯೆಲ್ಲ ಬಲ್ಬಿನದು. 12 ವೋಲ್ಟಿನ ಪುಟ್ಟ ಬಲ್ಬಿಗೆ ಎರಡು ತಂತಿ ಹಚ್ಚಿ, ಒಂದನ್ನು ಕಾಯಿಲಿನ ಡಿಸ್ಟ್ರಿಬ್ಯೂಟರ್ ಬದಿಗೆ, ಇನ್ನೊಂದನ್ನು ಬಾಡಿಯ ಕಬ್ಬಿಣಕ್ಕೆ ಸಿಕ್ಕಿಸಿ ಸೆಲ್ಫ್ ಹೊಡೆದರೆ, ಪಾಯಿಂಟ್ ತೆರೆದಾಗ ಹೊತ್ತುತ್ತದೆ, ಮುಚ್ಚಿದಾಗ ಆರುತ್ತದೆ. ಹೊತ್ತಿಯೇ ಇದ್ದರೆ ಪಾಯಿಂಟ್ ಮುಚ್ಚುತ್ತಿಲ್ಲ ಅಥವಾ ಕೊಳೆ ಹಿಡಿದಿದೆ. ಹೊತ್ತಲೇ ಇಲ್ಲವೆಂದರೆ ಕರೆಂಟ್ ಬರುತ್ತಿಲ್ಲ ಅಥವಾ ತಂತಿ ಎಲ್ಲೋ ಬಾಡಿಯ ಕಬ್ಬಿಣಕ್ಕೆ ತಾಗಿದೆ. ಪಾಯಿಂಟಿನ ಸಂದಿ ಅಳೆಯಲು ತೆಳು ತಗಡಿನ ಫೀಲರ್ ಗೇಜ್ ಇದೆ. ನನ್ನದಕ್ಕೆ 15 ಥೌ (ಇಂಚಿನ ಸಾವಿರದಲ್ಲಿ 15 ಪಾಲು), ಅಂದರೆ 0.38 ಮಿಲಿಮೀಟರ್. ಕ್ಯಾಪಿನ ಬಿರುಕಿನಲ್ಲಿ ಕಿಡಿ ಸೋರಲು ಕಾರವಾರದ ಉಪ್ಪುಗಾಳಿಯೇ ಸಾಕು. ಕತ್ತಲಲ್ಲಿ ಬಾನೆಟ್ ಎತ್ತಿ ಎಂಜಿನ್ ಓಡಿಸಿದರೆ ಕಿಡಿ ಎಲ್ಲಿ ತೆವಳುತ್ತಿದೆ ಎಂದು ನೀಲಿಯಾಗಿ ಕಾಣುತ್ತದೆ. ಇದಕ್ಕೆಲ್ಲ ಕಿವಿ ಬೇಡ. ಕಿವಿಗೆ ಹಾಕುವ ಯಂತ್ರದ ಬೆಲೆಯನ್ನೂ ಕೇಳಿಕೊಂಡು ಬಂದಿದ್ದೇನೆ. ಆ ಅಂಕಿ ಮಾತ್ರ ಬಹಳ ಸ್ಪಷ್ಟವಾಗಿ ಕೇಳಿಸಿತು.

ಒಂದು ಕಂಡೆನ್ಸರ್, ಒಂದು ಬಲ್ಬು, ತಂತಿಯ ತುಂಡು ಇವಿಷ್ಟನ್ನು ಪೊಟ್ಟಣ ಕಟ್ಟಿ ನಾಳಿನ ಶಿರಸಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತೇನೆ. ಅದೇ ಬಸ್ಸು ತಿರುಗಿ ಬರುವಾಗ ಅಪ್ಪೆಮಿಡಿಯ ಜಾಡಿ ಹತ್ತಿಸು. ಉಪ್ಪು ಕಡಿಮೆಯಿದ್ದರೂ ಚಿಂತೆಯಿಲ್ಲ, ನನ್ನಲ್ಲಿ ದಂಡಿಯಾಗಿದೆ. ಜಾಡಿಯ ಜೊತೆ ಒಂದು ಚೀಟಿಯಲ್ಲಿ ಆವತ್ತು ಕೇಳಿದ್ದನ್ನು ಬರೆದು ಕಳಿಸು. ದೊಡ್ಡ ಅಕ್ಷರ ಬೇಡ, ಹೇಳಿದೆನಲ್ಲ, ಕಣ್ಣು ಸರಿಯಿದೆ.

ನಿನ್ನ,
ಅಂಬಾಸಿಡರ್ ಪಕ್ಷದ ಏಕೈಕ ಸದಸ್ಯ

ಮ.ಬ.: ಈ ಪತ್ರವನ್ನು ನಿನ್ನ ಮೇಸ್ತ್ರಿಗೆ ಓದಿ ಹೇಳಬೇಡ. ಸಿಟ್ಟಿಗೆ ಕಾರ್ಬ್ಯುರೇಟರನ್ನು ಮೂರನೆಯ ಸಲ ಬಿಚ್ಚಿಬಿಟ್ಟಾನು.