ಎಣ್ಣೆ ಚೆಲ್ಲಿದರು, ಚಟ್ನಿ ಬಿಟ್ಟರು

ಮಾನ್ಯರೇ,

ಹಾಸನದಲ್ಲಿ ಅಧಿಕಾರಿಗಳು ಸಂಜೆ ತಿಂಡಿ ಗಾಡಿಗಳ ಮೇಲೆ ದಾಳಿ ಮಾಡಿ ತೆರವುಗೊಳಿಸಿದ ವರದಿಯನ್ನು ನಿಮ್ಮ ಪತ್ರಿಕೆಯಲ್ಲಿ ಓದಿದೆ, ಚಿತ್ರವನ್ನೂ ನೋಡಿದೆ. ಬಾಣಲೆ ಬಗ್ಗಿಸಿ ಎಣ್ಣೆಯನ್ನು ಚರಂಡಿಗೆ ಸುರಿಯುತ್ತಿರುವವರ ಮುಖ ಕ್ಯಾಮೆರಾ ಕಡೆಗೇ ಇದೆ, ಚಿತ್ರ ಚೆನ್ನಾಗಿ ಬಂದಿದೆ. ಅವರ ಹಿಂದೆ ಸ್ಟೂಲಿನ ಮೇಲೆ ಮುಚ್ಚಳವಿಲ್ಲದ ನೀಲಿ ಬಕೆಟ್, ಅದರ ತುಂಬ ಚಟ್ನಿ. ಅದನ್ನು ಯಾರೂ ಮುಟ್ಟಿಲ್ಲ.

ಎಣ್ಣೆ 170–180 ಡಿಗ್ರಿಯಲ್ಲಿ ಕಾದಿರುತ್ತದೆ. ಅದರಲ್ಲಿ ಬೆಂದು ಎದ್ದ ಬಜ್ಜಿಯಲ್ಲಿ ರೋಗಾಣು ಬದುಕುವುದು ಕಷ್ಟ. ಚಟ್ನಿ ಒಲೆಯ ಮುಖವನ್ನೇ ಕಂಡಿರುವುದಿಲ್ಲ. ಹಸಿ ಕಾಯಿ, ಹಸಿ ಮೆಣಸಿನಕಾಯಿ, ತೊಳೆದರೋ ಇಲ್ಲವೋ ಎನ್ನುವ ಕೊತ್ತಂಬರಿ, ಮೇಲೆ ನಲ್ಲಿ ನೀರು. ಮಧ್ಯಾಹ್ನ ಮೂರಕ್ಕೆ ರುಬ್ಬಿದ್ದು ರಾತ್ರಿ ಒಂಬತ್ತರವರೆಗೆ ಬೀದಿಯಲ್ಲೇ ಕೂತಿರುತ್ತದೆ. ಕಡಿಮೆಯಾದಾಗ ಅದಕ್ಕೇ ಒಂದು ಚೊಂಬು ನೀರು, ಚಿಟಿಕೆ ಉಪ್ಪು. ಕಾಯಿ ಬೆಲೆ ಏರಿದ ಮೇಲಂತೂ ಹುರಿಗಡಲೆಯೇ ಜಾಸ್ತಿ, ಅದು ಬೇಗ ಗಟ್ಟಿಯಾಗುವುದರಿಂದ ಮತ್ತೆ ನೀರು. ಹುಳಿ ಬಂದದ್ದು ನಾಲಗೆಗೆ ಗೊತ್ತಾಗುವ ಮೊದಲೇ ಹೊಟ್ಟೆಗೆ ಗೊತ್ತಾಗಿರುತ್ತದೆ. ಎರಡು ಗಂಟೆಗೆ ಸಾಲುವಷ್ಟೇ ರುಬ್ಬಬೇಕು, ಕಾಯಿಸಿ ಆರಿಸಿದ ನೀರು ಹಾಕಬೇಕು, ಹಳೆಯದರ ಮೇಲೆ ಹೊಸದನ್ನು ಸುರಿಯಬಾರದು, ಬಕೆಟಿಗೊಂದು ಮುಚ್ಚಳ, ಉದ್ದ ಹಿಡಿಯ ಸೌಟು. ಇಷ್ಟನ್ನು ಹೇಳಿಕೊಡಲು ಜೀಪಿನಲ್ಲಿ ಆರು ಜನ ಬರಬೇಕಾಗಿಲ್ಲ. ಪಾನಿಪುರಿಯ ಪಾನಿಯದೂ ಇದೇ ಕಥೆ, ಅಲ್ಲಿ ಸೌಟಿನ ಬದಲು ಮಣಿಕಟ್ಟಿನವರೆಗೆ ಕೈ. ತಟ್ಟೆ ತೊಳೆಯುವ ಬಕೆಟಿನ ನೀರು ಏಳು ಗಂಟೆಯ ಹೊತ್ತಿಗೆ ಸಾರಿನ ಬಣ್ಣಕ್ಕೆ ಬಂದಿರುತ್ತದೆ. ಅದೂ ಚಿತ್ರದಲ್ಲಿಲ್ಲ.

ಇನ್ನು ಎಣ್ಣೆ. ಕಪ್ಪಗಿತ್ತು, ಅದಕ್ಕೇ ಚೆಲ್ಲಿದೆವು ಎಂದಿದ್ದಾರೆ. ಕಣ್ಣಳತೆ! ಕರಿದ ಎಣ್ಣೆಯಲ್ಲಿ ‘ಟೋಟಲ್ ಪೋಲಾರ್ ಕಾಂಪೌಂಡ್ಸ್’ (ಮತ್ತೆ ಮತ್ತೆ ಕಾಯಿಸಿದಾಗ ಎಣ್ಣೆ ಕೆಟ್ಟು ಹುಟ್ಟುವ ಪದಾರ್ಥಗಳು) ಶೇ 25 ದಾಟಿದರೆ ಬಳಸುವಂತಿಲ್ಲ ಎಂಬ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಅಳೆಯಲು ಕೈಯಲ್ಲಿ ಹಿಡಿಯುವ ಮೀಟರ್ ಸಿಗುತ್ತದೆ, ಬಿಸಿ ಎಣ್ಣೆಗೆ ಅದ್ದಿದರೆ ಸ್ವಲ್ಪ ಹೊತ್ತಿಗೆ ಅಂಕಿ ತೋರಿಸುತ್ತದೆ. ಚಿತ್ರದಲ್ಲಿ ಮೀಟರ್ ಹುಡುಕಿದೆ. ಮೊಬೈಲ್‌ಗಳಷ್ಟೇ ಕಂಡವು.

ಬಣ್ಣ ನೋಡಿ ಎಣ್ಣೆ ತೀರ್ಮಾನಿಸುವವರು ಒಮ್ಮೆ ಬಾಣಲೆ ಮುಂದೆ ನಿಂತು ನೋಡಲಿ. ಖಾರದ ಪುಡಿ ಹಚ್ಚಿದ ಕಬಾಬ್ ಹಾಕಿದರೆ ಹೊಚ್ಚ ಹೊಸ ಎಣ್ಣೆಯೂ ಮೊದಲನೇ ಒಬ್ಬೆಗೇ ಕೆಂಪಾಗುತ್ತದೆ. ಮೂರು ದಿನದ ಪಾಮೊಲಿನ್‌ಗೆ ಅರ್ಧದಷ್ಟು ಹೊಸದು ಸುರಿದರೆ ತಿಳಿಯಾಗಿ ಕಾಣುತ್ತದೆ, ಆದರೆ ಹಳೆಯದು ಹೊಸದನ್ನೂ ಬೇಗ ಕೆಡಿಸುತ್ತದೆ. ಕೆಟ್ಟ ಎಣ್ಣೆಯ ಗುರುತುಗಳೇ ಬೇರೆ. ಬಜ್ಜಿ ಬಿಟ್ಟಾಗ ಸಣ್ಣ ನೊರೆ ಎದ್ದು ಇಳಿಯದೆ ನಿಲ್ಲುತ್ತದೆ, ಸರಿಯಾಗಿ ಕಾಯುವ ಮೊದಲೇ ಹೊಗೆ ಬರುತ್ತದೆ, ಜಾಲರಿಯಿಂದ ಅಂಟಂಟಾಗಿ ಇಳಿಯುತ್ತದೆ. ಕೆಡಿಸುವುದು ಹಿಟ್ಟಿನ ನೀರು, ತಳದಲ್ಲಿ ಸುಡುವ ಕಡಲೆಹಿಟ್ಟಿನ ಚೂರು, ಜೊತೆಗೆ ಸೋಡ. ಒಂದು ಕೆ.ಜಿ. ಕಡಲೆಹಿಟ್ಟಿಗೆ 100 ಗ್ರಾಂ ಅಕ್ಕಿಹಿಟ್ಟು, ಒಂದು ಚಮಚ ಓಂಕಾಳು, ಒಂದು ಸಣ್ಣ ಸೌಟು ಕಾದ ಎಣ್ಣೆ ಹಾಕಿ ಕಲಸಿದರೆ ಸೋಡ ಚಿಟಿಕೆಯಷ್ಟು ಸಾಕು, ಬಜ್ಜಿ ಗರಿಗರಿಯಾಗುತ್ತದೆ. ನಮ್ಮವರು ಚಮಚಗಟ್ಟಲೆ ಸೋಡ ಸುರಿಯುತ್ತಾರೆ. ಬಜ್ಜಿ ಉಬ್ಬುತ್ತದೆ, ಎಣ್ಣೆ ಕುಡಿಯುತ್ತದೆ, ಬಾಣಲೆ ನೊರೆಗಟ್ಟಿ ಕಪ್ಪಾಗುತ್ತದೆ. ಅವಸರಕ್ಕೆ ಒಂದೇ ಸಲ ಇಪ್ಪತ್ತು ಬಿಟ್ಟರೆ ಎಣ್ಣೆಯ ಕಾವು ಇಳಿದು ಇನ್ನಷ್ಟು ಹೀರಿಕೊಳ್ಳುತ್ತದೆ. ಒಬ್ಬೆ ಒಬ್ಬೆಗೂ ಚೂರು ಎತ್ತಿ, ರಾತ್ರಿ ಬಟ್ಟೆಯಲ್ಲಿ ಸೋಸಿ ಮುಚ್ಚಿಟ್ಟರೆ ಅರ್ಧ ತಕರಾರು ಮುಗಿಯಿತು.

ಇದೆಲ್ಲ ಗಾಡಿಯವರಿಗೆ ಗೊತ್ತಿಲ್ಲದಿದ್ದರೆ ಹೇಳಬೇಕಾದವರು ಯಾರು? ಹೇಳಬೇಕಾದವರು ಚರಂಡಿ ಹುಡುಕುತ್ತಿದ್ದರು. ಬಳಸಿದ ಎಣ್ಣೆಯನ್ನು ಸಂಗ್ರಹಿಸಿ ಬಯೋಡೀಸೆಲ್‌ಗೆ ಕಳಿಸಬೇಕೆಂಬ ಕೇಂದ್ರದ ಯೋಜನೆಯೂ 2018ರದ್ದೇ. ಜೈವಿಕ ಇಂಧನ ಪಾರ್ಕ್ ಇಟ್ಟುಕೊಂಡಿರುವ ಜಿಲ್ಲೆ ನಮ್ಮದು, ಅದಿರುವ ಮಡೆನೂರು ಇಲ್ಲೇ ಪಕ್ಕದಲ್ಲಿದೆ. ಹೊಂಗೆ ಬೀಜದಿಂದ ಡೀಸೆಲ್ ತೆಗೆಯುವ ಊರಿನಲ್ಲಿ ಲೀಟರ್‌ಗಟ್ಟಲೆ ಎಣ್ಣೆ ಚರಂಡಿ ಪಾಲು. ಅದರಲ್ಲಿ ಅರ್ಧ ಚರಂಡಿಗೂ ಹೋಗಲಿಲ್ಲ, ಸ್ಲ್ಯಾಬ್ ಮೇಲೆ ಹರಿದು ರಸ್ತೆಗೆ ಬಂತು. ಆ ತಿರುವಿನಲ್ಲಿ ಈಗ ಸ್ಕೂಟರ್ ಜಾರುತ್ತದೆ, ಚಪ್ಪಲಿ ಜಾರುತ್ತದೆ, ಮಳೆ ಹನಿದರೆ ಕೇಳುವುದೇ ಬೇಡ. ಚರಂಡಿಯೊಳಗೆ ಬಿದ್ದದ್ದು ಬೆಳಗಿನ ಚಳಿಗೆ ಹೆಪ್ಪುಗಟ್ಟಿ, ಮೊದಲೇ ಕಟ್ಟಿಕೊಂಡಿದ್ದ ನೀರು ಇನ್ನೂ ಕಟ್ಟಿಕೊಂಡಿದೆ. ನಾಲ್ಕು ದಿನದಿಂದ ಮೂಗು ಮುಚ್ಚಿಕೊಂಡೇ ಬಸ್ ಕಾಯಬೇಕು. ಒಂದು ಹಿಡಿ ಮರದಪುಡಿ ಚೆಲ್ಲಿದ್ದರೂ ಎಣ್ಣೆ ಹೀರುತ್ತಿತ್ತು.

ಗಾಡಿಗಳು ಹೋದದ್ದರಿಂದ ಆದ ಅನುಕೂಲ ಕೇಳಿ. ಸಂಜೆ ಆರಕ್ಕೆ ಕೆಲಸ ಬಿಟ್ಟು ಊರಿನ ಬಸ್ ಹಿಡಿಯುವವರು ಮೂವತ್ತು ರೂಪಾಯಿಗೆ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದರು. ಈಗ ಎನ್.ಆರ್. ವೃತ್ತದ ಕಡೆ ನಡೆಯಬೇಕು, ಜಾಗಕ್ಕೆ ಕಾಯಬೇಕು, ಅಷ್ಟರಲ್ಲಿ ಬಸ್ ಹೋಯಿತು. ಕೂತು ತಿನ್ನುವ ಹೋಟೆಲುಗಳಲ್ಲೂ ಚಟ್ನಿಯ ಹಣೆಬರಹ ಇದೇ, ಬಕೆಟ್ ಒಳಗಿರುತ್ತದೆ ಅಷ್ಟೇ. ಜೊತೆಗೆ ಬಿಲ್ ನೋಡಿಕೊಳ್ಳಬೇಕು. ಕಾಂಪೋಸಿಷನ್ ಪದ್ಧತಿಗೆ (ಸಣ್ಣ ವ್ಯಾಪಾರಿ ತನ್ನ ವಹಿವಾಟಿನ ಮೇಲೆ ತಾನೇ ತೆರಿಗೆ ಕಟ್ಟುವ ಪದ್ಧತಿ) ಸೇರಿದ ಹೋಟೆಲು ಗಿರಾಕಿಯಿಂದ ಜಿಎಸ್‌ಟಿ ಪಡೆಯುವಂತಿಲ್ಲ, ಬಿಲ್ ಮೇಲೆ ಅದನ್ನು ಬರೆದೂ ಇರಬೇಕು. ಬರೆದಿರುತ್ತಾರೆ, ಅದರ ಕೆಳಗೇ ಶೇ 5 ಸೇರಿಸಿಯೂ ಇರುತ್ತಾರೆ! ಅಲ್ಲಿಗೆ ಜೀಪು ಹೋಗುವುದಿಲ್ಲ. ಹೋದರೂ ಮಸಾಲೆ ದೋಸೆ ತಿಂದು ಬರುತ್ತದೆ.

2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಗಾಡಿ ತೆರವು ಮಾಡಬೇಕಾದರೆ 30 ದಿನದ ನೋಟಿಸ್ ಕೊಡಬೇಕು. ಸಾಮಾನು ಎತ್ತಿಕೊಂಡು ಹೋದರೆ ಪಟ್ಟಿ ಬರೆದುಕೊಡಬೇಕು, ಕೆಡುವ ಪದಾರ್ಥವಾದರೆ ಕೇಳಿದ ದಿನವೇ ವಾಪಸ್ ಕೊಡಬೇಕು. ಇಲ್ಲಿ ಪಟ್ಟಿಯೂ ಇಲ್ಲ, ಸಾಮಾನೂ ಇಲ್ಲ. ಬೀದಿ ವ್ಯಾಪಾರಿಗಳಿಗೆಂದೇ ಇರುವ ಕೇಂದ್ರದ ಸ್ವನಿಧಿ ಸಾಲ ಕೊಡುವ ದಿನ ಇದೇ ಗಾಡಿಯವರಿಗೆ ವೇದಿಕೆ ಮೇಲೆ ಹೂವು ಕೊಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ, ತೆರವಿನ ದಿನ ‘ಅತಿಕ್ರಮಣಕಾರರು’ ಎನ್ನುತ್ತಾರೆ. ನಿಷೇಧಗಳ ಕಥೆಯೂ ಹೀಗೇ. 2024ರ ಮಾರ್ಚ್‌ನಲ್ಲಿ ರಾಜ್ಯದಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ನಿಷೇಧವಾಯಿತು, ಜೂನ್‌ನಲ್ಲಿ ಕಬಾಬ್‌ಗೂ ಆಯಿತು. ಒಂದು ವಾರ ಗೋಬಿ ಬೆಳ್ಳಗಿತ್ತು. ಈಗ ಮತ್ತೆ ತಿಂದವರ ಬೆರಳು ಕೆಂಪು. ಬ್ಯಾಡಗಿ ಮೆಣಸಿನಕಾಯಿ ನೆನೆಸಿ ರುಬ್ಬಿದರೆ ಬರುವ ಕೆಂಪು ಬೆರಳಿಗೆ ಹೀಗೆ ಅಂಟುವುದಿಲ್ಲ.

ಅಧಿಕಾರಿಗಳಿಗೆ ಕಣ್ಣು ಕಾಣುವುದು ವರ್ಷಕ್ಕೊಮ್ಮೆ ಹಾಸನಾಂಬೆ ಗುಡಿಯ ಬಾಗಿಲು ತೆರೆದಾಗ ಮಾತ್ರವೇ? ಆ ದಿನಗಳಲ್ಲಿ ರಸ್ತೆಗೆ ಡಾಂಬರು, ಚರಂಡಿಗೆ ಬಿಳಿ ಪುಡಿ, ಕಂಬಕ್ಕೆ ದೀಪ. ಬಾಗಿಲು ಮುಚ್ಚಿದ ಮಾರನೇ ದಿನ ಎಲ್ಲವೂ ಮುಚ್ಚಿತು. ಒಳಚರಂಡಿಗೆಂದು ಅಗೆದ ಗುಂಡಿ ಹಾಗೇ ಇದೆ, ಅದರ ಪಕ್ಕದ ಬೀದಿದೀಪ ಹಗಲಲ್ಲಿ ಉರಿಯುತ್ತದೆ, ರಾತ್ರಿ ಇಲ್ಲ. ದೂರು ಕೊಡಲು ಫೋನ್ ಮಾಡಿದರೆ ‘ಅದು ನಮ್ಮ ವಿಭಾಗಕ್ಕೆ ಬರುವುದಿಲ್ಲ’ ಎಂಬ ಒಂದೇ ಉತ್ತರ. ಎಣ್ಣೆ ಸುರಿಯುವುದು ಯಾವ ವಿಭಾಗಕ್ಕೆ ಬಂತೋ!

ಆದ್ದರಿಂದ ಸಂಬಂಧಪಟ್ಟವರು ಕೂಡಲೇ ಕ್ರಮ ಕೈಗೊಳ್ಳಬೇಕು. ಗಾಡಿಗಳಿಗೆ ನಲ್ಲಿ ನೀರಿರುವ ಒಂದು ಜಾಗ ಕೊಡಬೇಕು, ಅವರನ್ನು ಸುಮ್ಮನೆ ಬಿಡಲೂ ಬಾರದು. ದಾಳಿ ನಿಲ್ಲಿಸಲಿ, ಇಲ್ಲವೇ ಮೀಟರ್ ಹಿಡಿದುಕೊಂಡು ದಿನಾ ಬರಲಿ. ಎರಡೂ ಆಗದಿದ್ದರೆ ಚೆಲ್ಲಿದ ಎಣ್ಣೆಯನ್ನಾದರೂ ತಾವೇ ಬಂದು ತೊಳೆಯಲಿ. ಚಟ್ನಿ ಬಕೆಟ್ ಇನ್ನೂ ಅಲ್ಲೇ ಇದೆ.

– ಸಂಜೆ ಬಸ್ಸಿನ ಪ್ರಯಾಣಿಕ, ಹಾಸನ